ದೇವರ ಗೂಡಿನಲ್ಲಿದ್ದ ಕಾರ್ಡ್

ಪವಿತ್ರಾಳ ಫೋನು ಎರಡನೇ ಸಲ ಟಿಣ್ ಎಂದಾಗಲೂ ಅವಳ ಹೊಸ ಕ್ರೆಡಿಟ್ ಕಾರ್ಡ್ ದೇವರ ಗೂಡಿನಲ್ಲೇ ಇತ್ತು. ತಾಯಿ ಬೀರಮ್ಮ ಅದರ ಮೇಲಿಟ್ಟಿದ್ದ ಕುಂಕುಮ ಇನ್ನೂ ಹಸಿಯಾಗಿತ್ತು.

“ಅವ್ವಾ, ಯಾರೋ ನನ್ ಕಾರ್ಡಲ್ಲಿ ಶೂ ತಗೊಂಡವ್ರೆ. ಯಾವ್ದೋ ದೂರದ ದೇಶದಲ್ಲಿ!”

“ಮೇಲಿಟ್ಟ ಊವೇ ಅಲ್ಲಾಡಿಲ್ಲ ಕಣವ್ವಾ, ಅದೆಂಗೆ ಅಲ್ಲೀಗಂಟ ಓದಾತು?” ಬೀರಮ್ಮ ನಗಲು ನೋಡಿದಳು, ಆಗಲಿಲ್ಲ. ರಾವಂದೂರಿನ ಡೈರಿಗೆ ಹಾಲು ಹಾಕಿ ಕೂಡಿಸಿದ್ದನ್ನೆಲ್ಲ ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಭದ್ರತೆಯ ಮೇಲೆ ಕಾಲೇಜು ಓದುವ ಮಗಳಿಗೆ ಕಾರ್ಡ್ ಕೊಡಿಸಿದ್ದಳು. ಈಗ ಅದನ್ನು ಸೆರಗಿನಲ್ಲಿ ಸುತ್ತಿ ಮುಷ್ಟಿ ಬಿಗಿದಳು. ಕಾರ್ಡ್ ಆ ಮುಷ್ಟಿಯೊಳಗಿದ್ದಾಗಲೇ ಪವಿತ್ರಾಳ ಫೋನು ಮತ್ತೆ ಟಿಣ್ ಎಂದಿತು.

ಪವಿತ್ರಾಳಿಗೆ ಆಗ ನೆನಪಾಯಿತು: ಪೂಜೆಯ ಫೋಟೊವನ್ನು ಬೆಳಿಗ್ಗೆ ತಾನೇ ಎಲ್ಲರಿಗೂ ಕಾಣುವಂತೆ ಸ್ಟೇಟಸ್‌ಗೆ ಹಾಕಿದ್ದಳು. ತೆರೆದು ನೋಡಿದಳು. ಚೆಂಡುಹೂವಿನ ನಡುವೆ, ಒಂದೇ ಬದಿಯಲ್ಲಿ ಅಚ್ಚಾಗಿದ್ದ ಕಾರ್ಡಿನ ನಂಬರು, ಗುಟ್ಟಾಗಿಡಬೇಕಿದ್ದ ಮೂರಂಕಿ, ಎಲ್ಲವೂ ನಿಚ್ಚಳ. ಕುಂಕುಮ ಮುಚ್ಚಿದ್ದು ಅವಳ ಹೆಸರನ್ನು ಮಾತ್ರ.

ಬ್ಲಾಕ್ ಮಾಡಿಸಲು ಬ್ಯಾಂಕಿಗೆ ಫೋನ್ ಹಚ್ಚಿದಳು.

“ಕಾರ್ಡ್ ಈಗ ನಿಮ್ಮ ಹತ್ರಾನೇ ಇದೆಯಾ ಮೇಡಂ?” ಎಂದಿತು ಆ ಕಡೆಯ ದನಿ.

ಬೀರಮ್ಮನ ಮುಷ್ಟಿ ಇನ್ನೂ ಸಡಿಲಾಗಿರಲಿಲ್ಲ.

“ಇಲ್ಲ, ಬೆಳಿಗ್ಗೇನೇ ಊರಿಗೆಲ್ಲ ಹಂಚ್ಬುಟ್ಟೆ,” ಎಂದಳು ಪವಿತ್ರಾ.