ಹಸಿರು ಕಪಾಟು

ಮಗಳ ಮನೆಯ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದಾರೆ. ಎಣ್ಣೆಬಣ್ಣದ ಆ ವಾಸನೆ ಬಂದರೆ ಇಂದಿಗೂ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ.

ಅಮ್ಮ ತೀರಿಕೊಂಡು ವರ್ಷವಾಗಿತ್ತು. ನನಗಾಗ ಒಂಬತ್ತು. ಅಣೆಕಟ್ಟಿನ ನೀರು ಏರುತ್ತದೆಂದು ಬ್ಯಾಕೋಡಿನ ಕಡೆಯಿಂದ ಮನೆ ಬಿಟ್ಟು ಹೊರಟವರೊಬ್ಬರ ಹಳೆಯ ಮರದ ಕಪಾಟನ್ನು ಅಪ್ಪಯ್ಯ ಕೊಂಡು, ಸಾಗರದ ನಮ್ಮ ಮನೆಗೆ ಗಾಡಿಯಲ್ಲಿ ತಂದರು.

"ಯಾರಿಗೆ ಅಪ್ಪಯ್ಯಾ?"

"ನಿಂಗೇ ಮಗಾ. ಬಣ್ಣನೂ ನೀನೇ ಹೇಳು."

ಹಸಿರು ಎಂದೆ. ಶಾಲೆಯಿಂದ ಬಂದವಳೇ ಉಪ್ಪುಕಾಗದ ಹಿಡಿದು, ಬೆರಳ ತುದಿ ಉರಿಯುವವರೆಗೂ ಹಲಗೆ ಉಜ್ಜಿದೆ. ಮೂರು ದಿನ ಹೀಗೇ ನಡೆಯಿತು. ಅತ್ತೆ ನೋಡಿ, "ಪಾಪ, ಎಷ್ಟು ಆಸೆಯಿಂದ ಮಾಡ್ತದೆ. ಹೇಳಬಾರ್ದಾ ಅಣ್ಣಾ?" ಎಂದಳು. ಅಪ್ಪಯ್ಯ ಬ್ರಷ್ಷನ್ನು ನನ್ನ ಕೈಗಿಟ್ಟು ಹೊರಗೆ ಹೋದರು.

ಭಾನುವಾರ ಮಧ್ಯಾಹ್ನ ಅವರು ತೀರ್ಥಹಳ್ಳಿಯಿಂದ ಬಂದಾಗ, ಕೊರಳಲ್ಲಿ ಹೊಸ ತಾಳಿಯಿದ್ದ ಹೆಂಗಸೊಬ್ಬಳು ಜೊತೆಗಿದ್ದಳು.

"ಇವಳು ನಿನ್ನ ಚಿಕ್ಕಮ್ಮ. ಕಪಾಟು ತೋರಿಸು ಮಗಾ, ಬಟ್ಟೆ ಇಟ್ಕೊಳ್ಲಿ," ಎಂದರು ಅಪ್ಪಯ್ಯ, ನನ್ನ ಮುಖ ನೋಡದೆ.

ಚಿಕ್ಕಮ್ಮ ಟ್ರಂಕಿನಿಂದ ಮದುವೆಯ ಸೀರೆ ತೆಗೆದು, "ಒಳಗೆ ಬಣ್ಣ ಒಣಗಿದ್ಯಾ ಪುಟ್ಟಿ?" ಎಂದು ಮೆಲ್ಲಗೆ ಕೇಳಿದಳು.

ಮೇಲಿನ ಹಲಗೆಗೆ ನಾನು ಬೆಳಿಗ್ಗೆಯಷ್ಟೇ ಬಣ್ಣ ಹಚ್ಚಿದ್ದೆ.

"ಹೂಂ, ಒಣಗಿದೆ," ಎಂದೆ.