ಅರ್ಧ ಇಂಚಿಗೆ ರಾಜೋಪಚಾರ

ತಿರುಗುವ ಕುರ್ಚಿ ಬಂದದ್ದು ಅರ್ಧ ಇಂಚಿಗೆ. ಕಟಿಂಗ್ ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಆ ಸದ್ದಿಗೆ ನಾಲ್ಕೂ ಹೊಲಿಗೆ ಯಂತ್ರಗಳು ನಿಂತವು.

"ಹದಿನಾಲ್ಕು ವರ್ಷದಿಂದ ನಿಂತೇ ಇದ್ದೀನಿ. ಕುರ್ಚಿ ಅವನಿಗಾ?"

"ನೀವು ನಿಂತ್ರೇನೇ ಕೈ ಓಡೋದು," ಎಂದ ದರ್ಜಿ ಅಂಗಡಿಯ ಮಾಲೀಕ, ಕುರ್ಚಿಗೆ ಸುತ್ತಿದ್ದ ಪ್ಲಾಸ್ಟಿಕ್ ಹರಿಯುತ್ತ.

ಅರ್ಧ ಇಂಚು ಎಂಬುದು ಗಿರಾಕಿಗಳ ಅಳತೆ ತೆಗೆಯುವವನ ಅಡ್ಡಹೆಸರು. ಅವನು ತೆಗೆದ ಯಾವ ಅಳತೆಯೂ ಅದಕ್ಕಿಂತ ಕಡಿಮೆ ತಪ್ಪಿದ್ದಿಲ್ಲ. ಅವನ ಅಳತೆಯ ಕೋಟು ತೊಟ್ಟ ವಕೀಲರೊಬ್ಬರು ಕೈಯೆತ್ತಲಾಗದೆ ಮೊಕದ್ದಮೆ ಸೋತರೆಂದು ಅಂಗಡಿಯಲ್ಲಿ ಪ್ರತೀತಿ. ಅಂಥವನನ್ನು ಮನೆಗೆ ಕಳಿಸದೆ ಮೆರೆಸುವುದೇಕೆ? ಅವನು ಮಾಲೀಕನ ಹೆಂಡತಿಯ ಒಡಹುಟ್ಟಿದ ತಮ್ಮ. ಅಷ್ಟು ಸಾಕಿತ್ತು, ಮಿಕ್ಕದ್ದನ್ನು ಎಲ್ಲರೂ ಊಹಿಸಿಕೊಂಡರು.

ಎದುರಿಗೆ ಹೊಸ ಅಂಗಡಿ ತೆರೆದ ಮೇಲೆ ಮಾಲೀಕನಿಗೆ ನೆಮ್ಮದಿ ಇರಲಿಲ್ಲ. ಅದರ ಯಜಮಾನ ಬೀದಿಯ ಮೂರು ಅಂಗಡಿಗಳಿಂದ ಒಳ್ಳೆಯ ಕೆಲಸಗಾರರನ್ನು ಹದ್ದಿನಂತೆ ಎಗರಿಸಿದ್ದ. ಇನ್ನು ಇಲ್ಲಿನ ಸರದಿ. ಇರುವವರನ್ನು ಉಳಿಸಿಕೊಳ್ಳಲು ಸವಲತ್ತು ಕೊಡುತ್ತೇನೆಂದು ಮಾಲೀಕ ಸಾರಿದ. ಕೊಟ್ಟ. ಎಲ್ಲವನ್ನೂ ಒಬ್ಬನಿಗೇ.

ಕುರ್ಚಿ ಬೀದಿ ಬದಿಯ ಗಾಜಿನ ಬಳಿ ಕೂತಿತು. ಅದರ ಪಕ್ಕದಲ್ಲಿ 'ಪ್ರಧಾನ ಮಾಸ್ಟರ್' ಎಂಬ ಫಲಕ. ಕಟಿಂಗ್ ಅಕ್ಕನ ಮೇಜನ್ನು ಮಾತ್ರ ಮಾಲೀಕ ಹಿಂದಕ್ಕೆ, ಪರದೆಯ ಒಳಗೆ ತಳ್ಳಿಸಿದ. ಅರ್ಧ ಇಂಚಿಗೆ ಕಾಫಿಯನ್ನು ತಾನೇ ತಂದು ಕೊಡುತ್ತಿದ್ದ. ಸಂಜೆ ಬಾಗಿಲಾಚೆಗೂ ಬಂದು, ಬೀದಿಗೆಲ್ಲ ಕೇಳುವಂತೆ, "ನೀವಿಲ್ದಿದ್ರೆ ಈ ಅಂಗಡಿ ಎಲ್ಲಿ ಮಾಸ್ಟರೇ!" ಎಂದು ಬೀಳ್ಕೊಡುತ್ತಿದ್ದ.

ಮೂರು ವಾರ ಕಟಿಂಗ್ ಅಕ್ಕ ಹಲ್ಲು ಕಚ್ಚಿದಳು. ನಾಲ್ಕನೆಯ ವಾರ, ಅರ್ಧ ಇಂಚು ಬರೆದುಕೊಟ್ಟ ಅಳತೆಯಿಂದ ಹನ್ನೆರಡು ಪ್ಯಾಂಟುಗಳ ಬಟ್ಟೆ ಹಾಳಾಯಿತು. ಅವಳು ಮಾಲೀಕನ ಎದುರು ಬಂದು ನಿಂತಳು.

"ಶುಕ್ರವಾರದೊಳಗೆ ಹೇಳಿ. ಅವನೋ, ನಾನೋ."

"ಸ್ವಲ್ಪ ತಾಳ್ಕೊಳ್ಳಿ ಅಕ್ಕಾ. ತಾಳಿದವನು ಬಾಳಿಯಾನು."

"ತಾಳಿದ್ದು ನಾನು, ಬಾಳ್ತಿರೋದು ಅವನು!"

"ಇದೆಲ್ಲ ನಿಮಗೋಸ್ಕರಾನೇ ಮಾಡ್ತಿರೋದು." ಮಾಲೀಕನ ದನಿ ಇಳಿದಿತ್ತು.

"ಓಹೋ! ಕುರ್ಚಿ ಅವನಿಗೆ, ಉಪಕಾರ ನನಗೆ."

ಮಾಲೀಕ ಏನೋ ಹೇಳಲು ಬಾಯಿ ತೆರೆದ. ಗಾಜಿನ ಬಳಿ ಕುರ್ಚಿ ಕಿರುಗುಟ್ಟಿತು. ಬಾಯಿ ಮುಚ್ಚಿದ. ಅವಳು ಉಗಿಯುವುದೊಂದು ಬಾಕಿ.

ಶುಕ್ರವಾರ ಅವಳಿನ್ನೂ ಬಂದಿರಲಿಲ್ಲ. ಎಂದೂ ತಡಮಾಡಿದವಳಲ್ಲ. ಮಾಲೀಕ ಗಡಿಯಾರ ನೋಡುತ್ತಿದ್ದಾಗ ಅರ್ಧ ಇಂಚು ಏದುಸಿರು ಬಿಡುತ್ತ ಒಳಬಂದ.

"ಭಾವಾ, ಎದುರಂಗಡಿಯವರು ನನ್ನ ಕರೆಸಿದ್ರು. ದುಪ್ಪಟ್ಟು ಸಂಬಳ ಕೊಡ್ತಾರಂತೆ!"

ಮಾಲೀಕನ ಕಣ್ಣು ತುಂಬಿ ಬಂತು. ಹೆಂಡತಿಯ ತಮ್ಮನನ್ನು ತಾನಾಗಿ ಹೊರಹಾಕುವಂತಿರಲಿಲ್ಲ. ಬೇರೆಯವರು ಎಗರಿಸಿಕೊಂಡು ಹೋದರೆ ಯಾರ ತಪ್ಪು? ಒಂದು ತಿಂಗಳು ಅವನನ್ನು ಗಾಜಿನಲ್ಲಿ ಶೃಂಗರಿಸಿಟ್ಟು ಕಾದದ್ದು ಈ ಒಂದು ಮಾತಿಗೆ.

"ಹೋಗಿ ಬಾಪ್ಪಾ," ಎಂದ ಗದ್ಗದಿತನಾಗಿ. "ನಿನ್ನ ಏಳಿಗೆಗೆ ನಾನು ಅಡ್ಡ ಬರಲ್ಲ."

"ಹೋಗೋದಾ? ಇಷ್ಟು ಮರ್ಯಾದೆ ಕೊಡೋ ಭಾವನ್ನ ಸತ್ರೂ ಬಿಡಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳ್ದೆ. ಆದ್ರೂ ಪಾಪ, ಅವರನ್ನ ಬರಿಗೈಲಿ ಬಿಡಬಾರ್ದು ಅಂತ ನಮ್ಮ ಕಟಿಂಗ್ ಅಕ್ಕನ ಮನೆ ತೋರಿಸ್ಕೊಟ್ಟು ಬಂದೆ."