ಮೂರನೆಯ ಪಟ್ಟೆ

“ಈ ಕೈಯಲ್ಲೇ ಹಿಡ್ಕೊಂಡಿದ್ದೆ ಮೇಡಂ,” ಎಂದು ಪ್ರೊಫೆಸರರು ಬಲ ಅಂಗೈಯನ್ನು ಮೇಜಿನ ಮೇಲೆ ಚಾಚಿದರು. ಬಸವನಹುಳು ಇನ್ನೂ ಅಲ್ಲೇ ಕೂತಿದೆಯೇನೋ ಎಂಬಂತೆ ವಿಚಾರಣಾ ಸಮಿತಿಯ ಅಧ್ಯಕ್ಷೆ ಬಗ್ಗಿ ನೋಡಿದರು.

ಜಗಳವೆಲ್ಲ ಆ ಹುಳುವಿನದೇ. ಊರಾಚೆಯ ಕೆರೆಯಲ್ಲಿ ಇದುವರೆಗೆ ಯಾರೂ ಕಾಣದ ಬಸವನಹುಳು ಸಿಕ್ಕಿದೆ ಎಂಬ ಪ್ರಬಂಧ ಪ್ರೊಫೆಸರರ ಹೆಸರಿನಲ್ಲಿ ಅಚ್ಚಾಗಿತ್ತು. ಹಳದಿ ಚಿಪ್ಪು. ಅದರ ಮೇಲೆ ಮೂರು ನೀಲಿ ಪಟ್ಟೆ. ಮೂರನೆಯದು ಮಾತ್ರ ಅರ್ಧಕ್ಕೇ ನಿಂತಿದೆ. ಕಾಲೇಜಿನಲ್ಲಿ ಅವರದೇ ಪ್ರಾಣಿಶಾಸ್ತ್ರ ವಿಭಾಗದ ಉಪನ್ಯಾಸಕಿಯೊಬ್ಬಳು, ಅದನ್ನು ಬರೆದದ್ದು ತಾನು ಎಂದು ದೂರು ಕೊಟ್ಟಿದ್ದಳು.

ಆ ವಿಭಾಗದಲ್ಲೊಂದು ಪದ್ಧತಿ. ಯಾರೇ ಏನೇ ಬರೆದರೂ ಕರಡನ್ನು ಮೊದಲು ಮುಖ್ಯಸ್ಥರಾದ ಪ್ರೊಫೆಸರರ ಮೇಜಿನ ಮೇಲಿಡಬೇಕು, ‘ಒಮ್ಮೆ ಕಣ್ಣಾಡಿಸಿಕೊಡಲು’. ಅವರು ಕಣ್ಣಾಡಿಸುತ್ತಿದ್ದರು. ಸಪ್ಪೆ ಕರಡುಗಳು ಕೆಂಪು ಗೆರೆ ಹೊತ್ತು ಮರಳುತ್ತಿದ್ದವು. ಚೆನ್ನಾಗಿದ್ದವು ಮರಳುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಯಾವುದೋ ಪತ್ರಿಕೆಯಲ್ಲಿ ಅವರ ಹೆಸರಿನಡಿ ಕಾಣಿಸಿಕೊಳ್ಳುತ್ತಿದ್ದವು. ಹೀಗಾಗಿ ಕರಡು ವಾಪಸು ಬಂದರೆ ಬರೆದವರಿಗೆ ಸಮಾಧಾನವೂ ಅವಮಾನವೂ ಒಟ್ಟಿಗೇ ಆಗುತ್ತಿತ್ತು.

ಉಪನ್ಯಾಸಕಿಯ ಎರಡು ಕರಡುಗಳು ಹೀಗೆ ಹೋಗಿದ್ದವು. ಎರಡು ಸಲವೂ ಅವಳು ದೂರು ಕೊಟ್ಟಿದ್ದಳು. ಎರಡು ಸಲವೂ ಇದೇ ಅಧ್ಯಕ್ಷೆ, ‘ಇಬ್ಬರಿಗೂ ಒಂದೇ ವಿಚಾರ ಹೊಳೆದಿರಬಹುದು’ ಎಂದು ಬರೆದು ಕೈತೊಳೆದುಕೊಂಡಿದ್ದರು. ಬೇರೇನು ಮಾಡಲು ಬರುತ್ತಿತ್ತು? ಕಂಪ್ಯೂಟರಿನಲ್ಲಿರುವ ಕರಡಿನ ತಾರೀಖನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಪ್ರೊಫೆಸರರು ಮೊದಲೇ ಬಾಯಿ ಮುಚ್ಚಿಸಿದ್ದರು. ತಲೆಯೊಳಗೆ ಇಣುಕಿ ನೋಡುವ ಯಂತ್ರವಂತೂ ಸಮಿತಿಯ ಬಳಿ ಇರಲಿಲ್ಲ. ಈ ಸಲ ಆಡಳಿತ ಮಂಡಳಿ ಕಡ್ಡಿ ಮುರಿದಂತೆ ಹೇಳಿತ್ತು: ಮೂರನೆಯ ದೂರೂ ಸಾಬೀತಾಗದಿದ್ದರೆ ಉಪನ್ಯಾಸಕಿ ಮನೆಗೆ ಹೋಗಬೇಕು.

ಅವಳು ಎದುರಿನ ಕುರ್ಚಿಯಲ್ಲಿ ಬಟ್ಟೆಯ ಚೀಲವೊಂದನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದಳು. ಅಧ್ಯಕ್ಷೆಗೆ ಕಾಣುತ್ತಿದ್ದುದು ಅದರ ಮಾಸಿದ ಬೆನ್ನು ಮಾತ್ರ. ಹಿಂದಿನ ಎರಡು ಸಲ ಅತ್ತಿದ್ದವಳು, ಕೂಗಾಡಿದ್ದವಳು ಈಗ ತುಟಿ ಬಿಚ್ಚಿರಲಿಲ್ಲ. ಸೋತವರ ಮೌನ ಅಧ್ಯಕ್ಷೆಗೆ ಗೊತ್ತಿತ್ತು. ಅದು ಕೋಣೆಯ ಗಾಳಿಯನ್ನೇ ಭಾರ ಮಾಡಿಬಿಡುತ್ತದೆ. ಇದು ಹಾಗಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಕಾಯುವವರ ಮೌನದ ಹಾಗಿತ್ತು.

“ನಿಮಗೆ ಈ ಹುಳ ಎಲ್ಲಿ ಸಿಕ್ತಮ್ಮ?” ಎಂದು ಅಧ್ಯಕ್ಷೆ ಕೇಳಿದರು.

“ಅದನ್ನ ಬರೆದಿದ್ದು ನಾನು ಮೇಡಂ. ನಾನು ಹೇಳೋದು ಅಷ್ಟೇ.”

ಪ್ರೊಫೆಸರರು ನಕ್ಕರು. ಈ ಹುಡುಗಿ ಕೆರೆಯ ದಡಕ್ಕೂ ಕಾಲಿಟ್ಟವಳಲ್ಲ ಎಂದರು. ತಾವಾದರೋ ಮೊಣಕಾಲಿನವರೆಗೆ ಕೆಸರಿನಲ್ಲಿ ಇಳಿದಿದ್ದು, ತಾವರೆ ಎಲೆಯನ್ನು ಮಗುಚಿದ್ದು, ಅದರಡಿಯಲ್ಲಿ ಹುಳು ಕೊಂಬು ಚಾಚಿ ತಮ್ಮನ್ನೇ ನೋಡಿದ್ದು, ಎಲ್ಲವನ್ನೂ ಬಣ್ಣಿಸಿದರು. ಹಿಡಿದ ಹುಳುಗಳೆಲ್ಲಿ ಎಂದರೆ, ಪ್ರಯೋಗಾಲಯದ ಫ್ರಿಜ್ ಕೆಟ್ಟು ಕೊಳೆತುಹೋದವು. ಫೋಟೋ? ಕ್ಯಾಮೆರಾ ಕೆರೆಗೆ ಬಿತ್ತು.

“ಎರಡೂ ಒಟ್ಟಿಗೇ?”

“ವಿಜ್ಞಾನಿಯ ಹಣೆಬರಹ ಮೇಡಂ.”

ಅಧ್ಯಕ್ಷೆ ತಲೆದೂಗಿದರು. ಆದರೂ ಆ ಕೆಸರು, ಆ ಎಲೆ, ಆ ಕೊಂಬು! ಕಣ್ಣಾರೆ ಕಾಣದವರು ಇಷ್ಟು ಹೇಳಲಾರರು ಎನ್ನಿಸಿತು. ಪಾಪ, ಹುಡುಗಿಯ ಅನ್ನಕ್ಕೆ ಕಲ್ಲು ಬೀಳುತ್ತಿದೆ ಎಂದುಕೊಂಡು ಅವಳತ್ತ ತಿರುಗಿ, ಕೇಳುವುದೇನಾದರೂ ಇದೆಯೇ ಎಂದರು.

“ಒಂದೇ ಒಂದು,” ಎಂದಳು ಉಪನ್ಯಾಸಕಿ. “ಸರ್, ಮೂರನೇ ಪಟ್ಟೆ ಯಾಕೆ ಅರ್ಧಕ್ಕೆ ನಿಂತಿದೆ? ನನ್ನ ಕರಡಲ್ಲಿ ಅದಕ್ಕೆ ಕಾರಣ ಬರೆದಿರ್ಲಿಲ್ಲ.”

“ಅದಕ್ಕೇ ಹೇಳೋದು, ನೋಡಿದವರಿಗೆ ಮಾತ್ರ ಗೊತ್ತಿರುತ್ತೆ ಅಂತ.” ಪ್ರೊಫೆಸರರ ದನಿ ತರಗತಿಯ ದನಿಯಾಯಿತು. “ಬಿಸಿಲು ಕಣಮ್ಮ. ಚಿಪ್ಪಿನ ಆ ಭಾಗ ಎಲೆಯ ನೆರಳಲ್ಲೇ ಬೆಳೆಯುತ್ತೆ. ಬಣ್ಣ ಅಲ್ಲಿಗೆ ಇಳಿಯೋದಿಲ್ಲ. ನಾನು ಹಿಡಿದ ಎಲ್ಲಾ ಹುಳದಲ್ಲೂ ಹಾಗೇ ಇತ್ತು.”

“ಎಲ್ಲದರಲ್ಲೂ?”

“ಎಲ್ಲದರಲ್ಲೂ.”

ಉಪನ್ಯಾಸಕಿ ಒಂದು ಕ್ಷಣ ತಲೆ ತಗ್ಗಿಸಿದಳು. ಸರ್ ಈಗ ಹೇಳಿದ್ದನ್ನೇ ಬರೆದು ಸಹಿ ಹಾಕಿಕೊಟ್ಟರೆ ಹುಳು ಪೂರ್ತಿ ಅವರದೇ, ಅದರ ಮೇಲೆ ತನಗೆ ಯಾವ ಹಕ್ಕೂ ಬೇಡ ಎಂದಳು. ಪ್ರೊಫೆಸರರು ಹಿಂದೆಮುಂದೆ ನೋಡಲಿಲ್ಲ. ಬಿಸಿಲು, ನೆರಳು, ಎಲೆ, ಕೊಂಬು ಒಂದನ್ನೂ ಬಿಡದೆ ಬರೆದರು. ಸಹಿಯ ಬಾಲವನ್ನು ಹಾಳೆಯ ಅಂಚಿನವರೆಗೆ ಎಳೆದರು.

“ಬೇಜಾರು ಮಾಡ್ಕೋಬೇಡಮ್ಮ,” ಎಂದರು. “ಮುಂದೆ ಏನಾದ್ರೂ ಬರೆದ್ರೆ ತಂದ್ಕೊಡು. ಕಣ್ಣಾಡಿಸ್ತೀನಿ.”

ಹಾಳೆ ಅಧ್ಯಕ್ಷೆಯ ಕೈ ಸೇರಿತು. ಆಮೇಲೆಯೇ ಉಪನ್ಯಾಸಕಿ ಚೀಲವನ್ನು ಹೊಟ್ಟೆಯಿಂದ ಬಿಡಿಸಿ, ಮಗುಚಿ, ಮೇಜಿನ ಮೇಲಿಟ್ಟಳು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. ಚೀಲದ ಮೇಲೆ ದಾರದಲ್ಲಿ ಹೊಲಿದ ಬಸವನಹುಳು. ಹಳದಿ ಚಿಪ್ಪು. ನೀಲಿ ಪಟ್ಟೆಗಳು.

“ನಮ್ಮತ್ತೆ ಹಾಕಿದ ಕಸೂತಿ ಮೇಡಂ. ಕೆರೆಯಲ್ಲಿ ಇಂಥ ಹುಳ ಇಲ್ಲ. ಎಲ್ಲೂ ಇಲ್ಲ. ಇದನ್ನ ನೋಡ್ಕೊಂಡೇ ಕರಡು ಬರೆದು ಸರ್ ಮೇಜಿನ ಮೇಲಿಟ್ಟೆ. ದಿನಾ ಇದೇ ಚೀಲದಲ್ಲಿ ಊಟದ ಡಬ್ಬಿ ತರ್ತೀನಿ. ಸರ್ ಕಣ್ಣಾಡಿಸಿದ್ದು ಕಾಗದದ ಮೇಲೆ ಮಾತ್ರ.”

ಹುಳು ಹಿಡಿದಿದ್ದೆನೆಂದು ಪ್ರೊಫೆಸರರು ಚಾಚಿ ತೋರಿಸಿದ್ದ ಅಂಗೈ ನಿಧಾನವಾಗಿ ಮುಚ್ಚಿಕೊಂಡಿತು.

“ಹಾಗಾದ್ರೆ ಸುಳ್ಳು ಬರೆದ್ರಿ,” ಎಂದರು ಅಧ್ಯಕ್ಷೆ, ಸಾಧ್ಯವಾದಷ್ಟು ಗಂಭೀರವಾಗಿ.

“ಬರೆದೆ ಮೇಡಂ. ಅಚ್ಚು ಹಾಕಿಸಿದ್ದು ನಾನಲ್ಲ.”

ಅಧ್ಯಕ್ಷೆ ಮೂರನೆಯ ಪಟ್ಟೆಯ ಮೇಲೆ ಬೆರಳಾಡಿಸಿದರು. ಅದು ಅರ್ಧಕ್ಕೇ ನಿಂತಿತ್ತು. ನಗು ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಮತ್ತೆ ಇದ್ಯಾಕೆ ಹೀಗೆ ಎಂದು ಕೇಳಿದರು.

“ನೀಲಿ ದಾರ ಮುಗಿದುಹೋಯ್ತಂತೆ.”